ಕೂಸಿನ ತೂಕ, ಊರಿನ ತೀರ್ಪು

ಒಬ್ಬರ ಸಂಬಳ ಕೇಳುವುದು ಈಗ ಸಭ್ಯತೆಯಲ್ಲ. ವಯಸ್ಸು ಕೇಳುವುದೂ ಅಲ್ಲ. ಜಾತಿ ಕೇಳುವುದಂತೂ ಅಲ್ಲವೇ ಅಲ್ಲ. ಅದನ್ನು ಮನೆದೇವರು ಯಾವುದು, ಮೂಲ ಊರು ಯಾವುದು ಎಂದು ಕೇಳಿ ನಾಜೂಕಾಗಿ ತಿಳಿದುಕೊಳ್ಳುತ್ತೇವೆ. ಆದರೆ ಎರಡು ವರ್ಷದ ಮಗುವಿನ ತೂಕ ಮಾತ್ರ ಊರ ಗೋಮಾಳವಿದ್ದ ಹಾಗೆ. ಯಾರು ಬೇಕಾದರೂ ನುಗ್ಗಬಹುದು, ತಡೆಯಲು ಬೇಲಿಯಿಲ್ಲ.

ಮದುವೆ ಛತ್ರದಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ, ಸತ್ಯನಾರಾಯಣ ಪೂಜೆಯ ಪ್ರಸಾದದ ಸಾಲಿನಲ್ಲಿ ಒಂದೇ ಪ್ರಶ್ನೆ: "ಅಯ್ಯೋ, ಮಗು ಯಾಕಿಷ್ಟು ಸೊರಗಿದೆ? ಏನೂ ತಿನ್ನಿಸಲ್ವೇನಮ್ಮಾ?" ಕೇಳಿದವರು ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುತ್ತಾರೆ, ಎಡಗೈ ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಾಗಿ ತಡಕಾಡುತ್ತಿರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ ಮಿತಿ ಮೀರಿದ ತೂಕದವರು. ತಮ್ಮ ತೂಕದ ಬಗ್ಗೆ ವೈದ್ಯರ ಮಾತನ್ನೇ ಕೇಳದ ಈ ದೊಡ್ಡ ಸಮೂಹ ಕಂಡವರ ಕೂಸಿನ ತೂಕದ ಬಗ್ಗೆ ಮಾತ್ರ ಉಚಿತ ಸಮಾಲೋಚನೆಗೆ ಸದಾ ಸಿದ್ಧ.

ಈ ಪ್ರಕರಣದಲ್ಲಿ ಎ1 ಆರೋಪಿ ತಾಯಿ. ಎ2 ಇಲ್ಲ. ಅಪ್ಪ ಪ್ರಾಸಿಕ್ಯೂಷನ್ ಪರ ಸಾಕ್ಷಿ. "ನಾನು ಹೇಳ್ತಾನೇ ಇದ್ದೀನಿ, ಇವಳು ಕೇಳಲ್ಲ" ಎಂದು ಸಾಕ್ಷ್ಯ ನುಡಿದು ಮೊಬೈಲಿಗೆ ಮರಳುತ್ತಾನೆ. ವಾದ ಮಂಡಿಸುವವರು ಅತ್ತೆ: "ನಮ್ಮ ಮಗ ಈ ವಯಸ್ಸಿಗೆ ಎರಡು ಮುದ್ದೆ ನುಂಗ್ತಿದ್ದ." ಈ ಮುದ್ದೆಗಳಿಗೆ ಪ್ರತ್ಯಕ್ಷದರ್ಶಿಗಳಿಲ್ಲ. ಇರುವುದು ಹಳೇ ಆಲ್ಬಮ್ಮಿನ ಒಂದು ಫೋಟೋ. ಅದರಲ್ಲಿ ಚಡ್ಡಿ ಜಾರದಂತೆ ಉಡಿದಾರಕ್ಕೆ ಸಿಕ್ಕಿಸಿಕೊಂಡು, ಪಕ್ಕೆಲುಬು ಎಣಿಸುವ ಹಾಗೆ ನಿಂತಿರುವ ಬಾಲಕ ಅದೇ ಮಗ. ಆದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಫೋಟೋವನ್ನು ಸಾಕ್ಷ್ಯವೆಂದು ಪರಿಗಣಿಸುವ ಪದ್ಧತಿಯಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಹುಟ್ಟಿದಾಗ 3 ಕೆ.ಜಿ. ಇದ್ದ ಮಗು ಐದಾರು ತಿಂಗಳಿಗೆ ಅದರ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು, ಅಂದರೆ 9 ಕೆ.ಜಿ. ಆಸುಪಾಸು ಆಗುತ್ತದೆ. ಈ ವೇಗ ನೋಡಿ ಮನೆಯವರೆಲ್ಲ ಹಿಗ್ಗುತ್ತಾರೆ. ಇದೇ ವೇಗ ಮುಂದುವರಿದರೆ ಎರಡನೇ ಹುಟ್ಟುಹಬ್ಬಕ್ಕೆ 27 ಕೆ.ಜಿ., ಮೂರನೆಯದಕ್ಕೆ 81 ಕೆ.ಜಿ. ಕೇಕು ಕತ್ತರಿಸಿದ ಮಾರನೇ ದಿನವೇ ಮೈಸೂರು ದಸರಾ ಕುಸ್ತಿಯ ಅಖಾಡಕ್ಕೆ ಇಳಿಸಬಹುದು. ದೇಹಕ್ಕೆ ಅಷ್ಟು ಮರ್ಯಾದೆ ಗೊತ್ತಿರುವುದರಿಂದ ಅದು ವರ್ಷ ತುಂಬಿದ ಮೇಲೆ ಬೆಳವಣಿಗೆಗೆ ಬ್ರೇಕು ಹಾಕುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ತಿಂಗಳಿಗೆ 200 ಗ್ರಾಂ ಚಿಲ್ಲರೆ. ಬೆಳವಣಿಗೆ ಇಳಿದರೆ ಹಸಿವೂ ಇಳಿಯುತ್ತದೆ. ಮಗುವಿಗೆ ಇದು ಗೊತ್ತು, ಹೊಟ್ಟೆಗೂ ಗೊತ್ತು. ಗೊತ್ತಿಲ್ಲದಿರುವುದು ಬಟ್ಟಲು ಹಿಡಿದವರಿಗೆ ಮಾತ್ರ.

ಆನ್‌ಲೈನಿನಲ್ಲಿ ಡಿಜಿಟಲ್ ತಕ್ಕಡಿ ತರಿಸಿ ವಾರಕ್ಕೆರಡು ಸಲ ತೂಗುವ ಮನೆಗಳಿವೆ. ತಿಂಗಳಿಗೆ 200 ಗ್ರಾಂ ಏರಬೇಕಾದ ಜೀವವನ್ನು ಹೀಗೆ ತೂಗಿದರೆ ಸಿಗುವುದು ಮಗುವಿನ ಬೆಳವಣಿಗೆಯ ಲೆಕ್ಕವಲ್ಲ, ಡೈಪರಿನ ಲೆಕ್ಕ. ಚೆನ್ನಾಗಿ ಒದ್ದೆಯಾದ ಒಂದು ಡೈಪರೇ 200 ಗ್ರಾಂ ದಾಟುತ್ತದೆ. ಸೋಮವಾರ ಒದ್ದೆ ಡೈಪರಿನಲ್ಲಿ ತೂಗಿ ಪಾಯಸ ಮಾಡಿದವರು ಗುರುವಾರ ಒಣ ಡೈಪರಿನಲ್ಲಿ ತೂಗಿ ಕಣ್ಣೀರು ಹಾಕುತ್ತಾರೆ. ಟೆಕ್ಕಿ ಅಪ್ಪನಾದರೆ ಇದನ್ನೆಲ್ಲ ಎಕ್ಸೆಲ್ ಹಾಳೆಗೇರಿಸಿ, ಗ್ರಾಫ್ ಎಳೆದು, ಇಳಿಮುಖವಾದ ಗೆರೆಯನ್ನು ಕೆಂಪು ಮಾಡಿ ಹೆಂಡತಿಗೆ ಕಳಿಸುತ್ತಾನೆ. ಈ ಸಂಸಾರದಲ್ಲಿ ಆತನ ಕರ್ತವ್ಯ ಅಲ್ಲಿಗೆ ಮುಗಿಯಿತು.

ನೋಡಬೇಕಾದ ಗ್ರಾಫ್ ಬೇರೆಯೇ ಇದೆ. ತಾಯಿ ಕಾರ್ಡಿನೊಳಗೆ ಮುದ್ರಿಸಿಯೇ ಕೊಟ್ಟಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡ ಅದು. "ಅದೆಲ್ಲ ಫಾರಿನ್ ಮಕ್ಕಳ ಲೆಕ್ಕ" ಎಂದು ತಳ್ಳಿಹಾಕುವ ಹಾಗಿಲ್ಲ. ಅದಕ್ಕಾಗಿ ಅಳೆದ ಆರು ದೇಶಗಳ ಮಕ್ಕಳಲ್ಲಿ ನಮ್ಮ ದಕ್ಷಿಣ ದೆಹಲಿಯವರೂ ಇದ್ದರು. ಅದರ ಪ್ರಕಾರ ಎರಡು ವರ್ಷದ ಗಂಡುಮಗುವಿನ ನಡುವಿನ ತೂಕ 12.2 ಕೆ.ಜಿ., ಹೆಣ್ಣುಮಗುವಿನದು 11.5. ಆದರೆ ಗಂಡಿಗೆ 9.7, ಹೆಣ್ಣಿಗೆ 9 ಕೆ.ಜಿ.ವರೆಗೂ ಕೆಳಗಿನ ಗೆರೆ ಇಳಿಯುತ್ತದೆ. ಅಂದರೆ ಹತ್ತೂವರೆ ಕೆ.ಜಿ. ತೂಗುತ್ತ, ಸೋಫಾದಿಂದ ಟೀಪಾಯಿಗೆ ಹಾರುತ್ತಿರುವ ಎರಡು ವರ್ಷದ ಪೋರ ಕಾಯಿಲೆಯವನಲ್ಲ. ಅವನು ಸಣ್ಣಗಿದ್ದಾನೆ, ಅಷ್ಟೇ.

ಗೆರೆಗಳ ಮೇಲೆ ಬರೆದಿರುವ ಪರ್ಸೆಂಟೈಲ್ ಎನ್ನುವುದನ್ನು ನಮ್ಮವರು ಓದುವ ಬಗೆ ಇನ್ನೂ ಭಯಂಕರ. ಹದಿನೈದನೇ ಪರ್ಸೆಂಟೈಲ್ ಎಂದರೆ ಆ ವಯಸ್ಸಿನ ನೂರು ಆರೋಗ್ಯವಂತ ಮಕ್ಕಳಲ್ಲಿ ಹದಿನೈದು ಮಂದಿ ಇವನಿಗಿಂತ ಹಗುರ, ಉಳಿದವರು ಭಾರ ಎಂದು ಅರ್ಥ. ಸಿಇಟಿ, ನೀಟ್, ಜೆಇಇ ಕೋಚಿಂಗಿನ ಬೋರ್ಡುಗಳ ನೆರಳಲ್ಲೇ ಬೆಳೆದ ನಾಡಿಗೆ ಅದು ಕೇಳಿಸುವುದು ನೂರಕ್ಕೆ ಹದಿನೈದು ಅಂಕ ಎಂದು. ಮಗು ಫೇಲ್. ಸಪ್ಲಿಮೆಂಟರಿ ಪರೀಕ್ಷೆಗೆ ಮುಂದಿನ ತಿಂಗಳು ಕರೆತರಬೇಕು, ಅಷ್ಟರೊಳಗೆ ತುಪ್ಪದ ಟ್ಯೂಷನ್. ಎಲ್ಲ ಮಕ್ಕಳನ್ನೂ ಐವತ್ತರ ಗೆರೆಯ ಮೇಲೆ ಕೂರಿಸಬೇಕೆಂಬ ಹಟಕ್ಕೆ, ಆರೋಗ್ಯವಂತ ಮಕ್ಕಳಲ್ಲೇ ಅರ್ಧ ಮಂದಿ ಆ ಗೆರೆಯ ಕೆಳಗಿರುತ್ತಾರೆ ಎಂಬುದನ್ನು ಯಾವ ಕೋಚಿಂಗಿನಲ್ಲೂ ಹೇಳಿಕೊಟ್ಟಿರುವುದಿಲ್ಲ.

ಇನ್ನು "ಬೆಳಿಗ್ಗೆಯಿಂದ ಒಂದು ಅಗುಳೂ ತಿಂದಿಲ್ಲ" ಎಂಬ ಆರೋಪವನ್ನು ಪರಿಶೀಲಿಸೋಣ. ಆರೋಪ ಅಕ್ಷರಶಃ ಸತ್ಯ, ಅನ್ನದ ಅಗುಳು ಒಳಗೆ ಹೋಗಿಲ್ಲ. ಹೋಗಿರುವುದು ಇಷ್ಟು: ಎದ್ದ ಕೂಡಲೇ ಒಂದು ಬಾಟಲಿ ಹಾಲು. ಅಪ್ಪನ ಚಹಾಕ್ಕೆ ಅದ್ದಿದ ಎರಡು ಬಿಸ್ಕತ್ತು. ರಾಗಿ ಸರಿ ಬೇಡವೆಂದಿದ್ದಕ್ಕೆ ಸಮಾಧಾನದ ಬಾಳೆಹಣ್ಣು. ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟ ಕೋಡುಬಳೆ. ಪಕ್ಕದ ಮನೆಯವರ ಚಾಕಲೇಟು. ಅತ್ತಾಗ ಡಬ್ಬಿಯ ಜ್ಯೂಸು. ಊಟಕ್ಕೆ ಮುಂಚೆ "ಹಸಿದಿರುತ್ತೆ ಪಾಪ" ಎಂದು ಇನ್ನೊಂದು ಬಾಟಲಿ ಹಾಲು. ಇದಾದ ಮೇಲೆ ತೊವ್ವೆ ಅನ್ನದ ಬಟ್ಟಲು ಬರುತ್ತದೆ, ಮಗು ಬಾಯಿ ಬಿಗಿದು ಮುಖ ತಿರುಗಿಸುತ್ತದೆ. ಆ ಮನೆಯಲ್ಲಿ ಹೊಟ್ಟೆ ತುಂಬಿತು ಎಂದು ತಿಳಿದು ನಿಲ್ಲಿಸಿದ ವ್ಯಕ್ತಿ ಅದೊಂದೇ. ಶಿಕ್ಷೆ ಆಗುವುದೂ ಅದಕ್ಕೇ.

ಹಾಲಿನ ವಿಷಯ ತಮಾಷೆಯಲ್ಲ. "ಊಟ ಮಾಡದಿದ್ರೂ ಹಾಲಾದ್ರೂ ಕುಡೀತಾನಲ್ಲ" ಎಂಬ ಸಮಾಧಾನದಲ್ಲೇ ಪೆಟ್ಟು ಇರುವುದು. ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ ಎನ್ನುತ್ತಾರೆ ಮಕ್ಕಳ ವೈದ್ಯರು. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಲೀಟರುಗಟ್ಟಲೆ ಕುಡಿದ ಮಗುವಿಗೆ ಊಟದ ಹಸಿವಿಲ್ಲ. ಊಟವಿಲ್ಲದೆ ಕಬ್ಬಿಣವಿಲ್ಲ, ಕಬ್ಬಿಣವಿಲ್ಲದೆ ರಕ್ತಹೀನತೆ, ರಕ್ತಹೀನತೆಯಿಂದ ಹಸಿವು ಮತ್ತಷ್ಟು ಸಾಯುತ್ತದೆ. ಆಗ ಮನೆಯವರು ಕೊಡುವುದು ಏನು? ಇನ್ನೊಂದು ಲೋಟ ಹಾಲು. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಮಗುವಿನ ಕೆನ್ನೆ ಉಬ್ಬಿಲ್ಲ ಎಂದು ಕೊರಗುವವರು ಅದರ ಕಣ್ಣಿನ ಕೆಳರೆಪ್ಪೆ ಬಿಳಿಚಿರುವುದನ್ನು ನೋಡುವುದೇ ಇಲ್ಲ.

ಉಣ್ಣಿಸುವ ವಿಧಾನಕ್ಕೆ ಬಂದರೆ, ಹಿಂದೆ ಚಂದಮಾಮನನ್ನು ತೋರಿಸುತ್ತಿದ್ದರು. ಚಂದಮಾಮನಿಗೆ ಅಮಾವಾಸ್ಯೆಯ ರಜೆಯಿತ್ತು, ನಡುವೆ ಜಾಹೀರಾತು ಬರುತ್ತಿರಲಿಲ್ಲ. ಈಗ ಮೊಬೈಲು. ಎರಡು ವರ್ಷದೊಳಗೆ ಪರದೆಯೇ ಬೇಡ ಎಂದು ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲೇ ಹೇಳಿತು. ಅದನ್ನೂ ಬಹುಪಾಲು ಜನ ಓದಿದ್ದು ಮಗುವಿಗೆ ಉಣ್ಣಿಸುವಾಗ, ಇನ್ನೊಂದು ಮೊಬೈಲಿನಲ್ಲಿ. ಕಣ್ಣು ಪರದೆಯ ಮೇಲೆ, ಬಾಯಿ ತಾನಾಗಿ ತೆರೆಯುತ್ತದೆ, ತುತ್ತು ಇಳಿಯುತ್ತದೆ. ತಿನ್ನುತ್ತಿರುವ ಸುದ್ದಿ ಮಗುವಿಗೇ ತಲುಪಿರುವುದಿಲ್ಲ. ಹಸಿವು ಯಾವಾಗ ಬಂತು, ಯಾವಾಗ ತೀರಿತು ಎಂದು ತಿಳಿಯುವ ಸಹಜ ವಿದ್ಯೆಯನ್ನು ಹೀಗೆ ಶ್ರದ್ಧೆಯಿಂದ ಅಳಿಸಿಹಾಕಿ, ಅದೇ ಮಗು ಹದಿನೈದಕ್ಕೆ ದಪ್ಪಗಾದಾಗ "ನಿಲ್ಲಿಸೋದೇ ಗೊತ್ತಾಗಲ್ಲ ನಿಂಗೆ" ಎಂದು ಬಯ್ಯುತ್ತೇವೆ.

ಈ ಭಯದ ಮೇಲೆ ಮಾರುಕಟ್ಟೆ ಡೇರೆ ಹಾಕದೆ ಇರುತ್ತದೆಯೇ? 1992ರ ಶಿಶು ಆಹಾರ ಕಾಯ್ದೆ, ಅದರ 2003ರ ತಿದ್ದುಪಡಿ, ಎರಡೂ ಸೇರಿ ಎರಡು ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರಕ್ಕೆ ಜಾಹೀರಾತು ಕೂಡದೆಂದು ಕಟ್ಟುಮಾಡಿವೆ. ಹಾಗಾಗಿ ಕಂಪನಿಗಳು ಕಾನೂನಿಗೆ ತಲೆಬಾಗಿ ಎರಡನೇ ಹುಟ್ಟುಹಬ್ಬದವರೆಗೆ ಕಾಯುತ್ತವೆ. ಮಾರನೇ ಬೆಳಿಗ್ಗೆ ಬಿಳಿಕೋಟಿನ ನಟ ಟೀವಿಯಲ್ಲಿ ಪ್ರತ್ಯಕ್ಷ: ಎತ್ತರ, ತೂಕ, ಬುದ್ಧಿ, ಮೂರೂ ಒಂದೇ ಡಬ್ಬಿಯಲ್ಲಿ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಇಲ್ಲ ಎಂಬುದು ನಮ್ಮ ಸರ್ಕಾರಕ್ಕೆ 2024ರ ಏಪ್ರಿಲಿನಲ್ಲಿ ಹೊಳೆದು, ಆ ಹೆಸರಿನ ವಿಭಾಗದಿಂದ ಇಂಥ ಪೇಯಗಳನ್ನು ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಅಷ್ಟರಲ್ಲಿ ಎರಡು ಮೂರು ತಲೆಮಾರು ಅದನ್ನು ಕುಡಿದೇ ಬೆಳೆದು, ಈಗ ತಮ್ಮ ಮಕ್ಕಳಿಗೂ ಕಲಸಿಕೊಡುತ್ತಿವೆ. ಕೆಲವು ಡಬ್ಬಿಗಳಲ್ಲಿ ಮೂರನೇ ಒಂದು ಪಾಲು ಸಕ್ಕರೆಯೇ ಇರುವುದನ್ನು ಡಬ್ಬಿಯ ಹಿಂಬದಿ ಪ್ರಾಮಾಣಿಕವಾಗಿ ಮುದ್ರಿಸಿರುತ್ತದೆ. ಹಿಂಬದಿ ಓದುವ ಪದ್ಧತಿ ನಮ್ಮಲ್ಲಿಲ್ಲ.

ಡಬ್ಬಿ ಸೋತರೆ ಸಿರಪ್ಪು. "ಹಸಿವಿಗೆ ಒಂದು ಟಾನಿಕ್ ಕೊಡಿ" ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುವುದು ಸಾಮಾನ್ಯವಾಗಿ ಸೈಪ್ರೊಹೆಪ್ಟಡೀನ್. ಮೂಲತಃ ಅದು ಅಲರ್ಜಿಗೆ ಕೊಡುವ ಔಷಧ. ಹಸಿವು ಅದರ ಪಕ್ಕಪರಿಣಾಮ, ತೂಕಡಿಕೆ ಇನ್ನೊಂದು ಪಕ್ಕಪರಿಣಾಮ. ವೈದ್ಯರು ನೋಡಿ, ಬೇಕೆನಿಸಿ ಬರೆದರೆ ಅದು ಬೇರೆ ಮಾತು. ಕೌಂಟರಿನ ಹುಡುಗನ ಶಿಫಾರಸಿನ ಮೇಲೆ ಕೊಟ್ಟರೆ ಮಗು ತೂಕಡಿಸುತ್ತದೆ, ಔಷಧ ಇರುವಷ್ಟು ದಿನ ತಿನ್ನುತ್ತದೆ, ಬಾಟಲಿ ಮುಗಿದ ವಾರಕ್ಕೆ ಎಲ್ಲವೂ ಯಥಾಸ್ಥಿತಿ. ಆಗ ಇನ್ನೊಂದು ಬಾಟಲಿ.

ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಅಜ್ಜಿಯರ ದೃಷ್ಟಿ ತೆಗೆಯುವ ವಿದ್ಯೆಯೇ ಹೆಚ್ಚು ವೈಜ್ಞಾನಿಕ ಎನ್ನಬೇಕು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರೆ ಖರ್ಚು ಎರಡು ರೂಪಾಯಿ, ಸಕ್ಕರೆ ಸೊನ್ನೆ, ಪಕ್ಕಪರಿಣಾಮ ಮನೆಯವರಿಗೆಲ್ಲ ನಾಲ್ಕು ಕೆಮ್ಮು. ಹರಕೆ ಹೊತ್ತವರು ಧರ್ಮಸ್ಥಳಕ್ಕೋ ಉಡುಪಿಗೋ ಹೋಗಿ ತುಲಾಭಾರ ಮಾಡಿಸುತ್ತಾರೆ. ಇಡೀ ವರ್ಷದಲ್ಲಿ ಮಗುವಿನ ತೂಕ ಕಡಿಮೆಯಿರುವುದು ಅಪ್ಪನಿಗೆ ಹಿತವೆನಿಸುವ ತಕ್ಕಡಿ ಅದೊಂದೇ.

ಮಗುವಿಗೆ ಬಿಟ್ಟರೆ ಏನಾಗುತ್ತದೆ? ಇದನ್ನು ಒಬ್ಬರು ನಿಜಕ್ಕೂ ಮಾಡಿ ನೋಡಿದರು. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ 1920ರ ದಶಕದ ಕೊನೆಯಲ್ಲಿ, ಆಗತಾನೇ ತಾಯಿಹಾಲು ಬಿಟ್ಟ ಹದಿನೈದು ಮಕ್ಕಳ ಮುಂದೆ ಬಗೆಬಗೆಯ ಆಹಾರ ಇಟ್ಟು, ತಿನ್ನುವುದನ್ನು ಅವುಗಳಿಗೇ ಬಿಟ್ಟರು. ಪಟ್ಟಿಯಲ್ಲಿ 34 ಪದಾರ್ಥಗಳಿದ್ದವು. ದಾದಿಯರಿಗೆ ಕಟ್ಟಪ್ಪಣೆ: ಮಗು ಕೈಚಾಚದೆ ಚಮಚ ಎತ್ತಕೂಡದು, ತಿಂದರೆ ಶಹಬ್ಬಾಸ್ ಎನ್ನಕೂಡದು, ಬಿಟ್ಟರೆ ಮುಖ ಸಿಂಡರಿಸಕೂಡದು. ಮಕ್ಕಳು ಒಂದು ದಿನ ಬರೀ ಮೊಟ್ಟೆ, ಇನ್ನೊಂದು ದಿನ ಬರೀ ಬಾಳೆಹಣ್ಣು ಎಂಬಂತೆ ಚಿತ್ರವಿಚಿತ್ರವಾಗಿ ತಿಂದವು. ಆದರೆ ತಿಂಗಳುಗಳ ಲೆಕ್ಕದಲ್ಲಿ ಎಲ್ಲವೂ ಸರಿದೂಗಿ, ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದವು. 1939ರಲ್ಲಿ ಪ್ರಕಟವಾದ ವರದಿಯಲ್ಲಿ ಆಕೆಯೇ ಗುಟ್ಟು ಬಿಟ್ಟುಕೊಟ್ಟರು: ಆ 34ರಲ್ಲಿ ಸಕ್ಕರೆ ಇರಲಿಲ್ಲ, ಬಿಸ್ಕತ್ತು ಇರಲಿಲ್ಲ. ಆಯ್ಕೆ ಮಗುವಿನದು, ಪಟ್ಟಿ ದೊಡ್ಡವರದು. ನಮ್ಮ ಮನೆಗಳಲ್ಲಿ ಈ ಪ್ರಯೋಗ ನಡೆಯದಿರಲು ಕಾರಣ ಆಹಾರದ ಕೊರತೆಯಲ್ಲ. ಮಗು ತಿನ್ನುವಾಗ ಬಾಯಿ ಮುಚ್ಚಿಕೊಂಡು ಕೂರಬಲ್ಲ ಒಬ್ಬ ದೊಡ್ಡವರೂ ಸಿಗುವುದಿಲ್ಲ.

ಈಗ ಆರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಿ. ಪಕ್ಕದಲ್ಲಿ ಏಳುತ್ತಿರುವ ಇನ್ನೊಂದು ಟವರಿನ ಬುಡದಲ್ಲಿ ತಗಡಿನ ಶೆಡ್ಡುಗಳು. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದ ಗಾರೆ ಕೆಲಸದವರ ಮಕ್ಕಳು ಅಲ್ಲಿವೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರಕ್ಕೆ ಒಂದು ವಯಸ್ಸಿಗೆ ತಕ್ಕ ತೂಕವಿಲ್ಲದ್ದು. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವು. ಶೆಡ್ಡಿನ ಮಗುವಿನ ಹಿಂದೆ ಬಟ್ಟಲು ಹಿಡಿದು ಯಾರೂ ಓಡುವುದಿಲ್ಲ. ಅಮ್ಮನ ತಲೆಯ ಮೇಲೆ ಜಲ್ಲಿಯ ಬಾಂಡ್ಲಿ ಇರುತ್ತದೆ. ಅದು ಊಟಕ್ಕೆ ಹಟ ಮಾಡುವುದಿಲ್ಲ. ಮದುವೆ ಛತ್ರಕ್ಕೆ ಬರುವುದೂ ಇಲ್ಲವಾದ್ದರಿಂದ ಅದರ ತೂಕದ ಬಗ್ಗೆ ಯಾರೂ ಅಯ್ಯೋ ಎನ್ನುವುದಿಲ್ಲ. ತೋಳಿನ ಸುತ್ತಳತೆ ನೋಡುವ ಒಂದು ಟೇಪು ಅಂಗನವಾಡಿ ಕಾರ್ಯಕರ್ತೆಯ ಬಳಿ ಇರುತ್ತದೆ. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಮಗುವಿನ ಜೀವಕ್ಕೆ ಅಪಾಯ. ಮೇಲಿನ ಮಹಡಿಯಲ್ಲಿ ಕಾಳಜಿಯೆಂದು ಸುರಿಯುವುದರ ಹತ್ತರಲ್ಲೊಂದು ಪಾಲು ಆ ಟೇಪಿನ ಕಡೆಗೆ ಹರಿದಿದ್ದರೆ ಈ ಅಂಕಿಗಳು ಬೇರೆ ಇರುತ್ತಿದ್ದವು. ಕಾಳಜಿಗೂ ನಮ್ಮಲ್ಲಿ ಲಿಫ್ಟ್ ಇದೆ, ಅದು ನೆಲಮಹಡಿಯಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಸಣ್ಣಗಿರುವ ಮಕ್ಕಳೆಲ್ಲ ಆರೋಗ್ಯವಂತರೇ ಎಂದು ನಾನು ಷರಾ ಬರೆದುಕೊಟ್ಟರೆ ನನಗೂ ಮೆಡಿಕಲ್ ಶಾಪಿನ ಹುಡುಗನಿಗೂ ವ್ಯತ್ಯಾಸವಿರುವುದಿಲ್ಲ. ಚಾರ್ಟಿನಲ್ಲಿ ಮಗು ತನ್ನ ಗೆರೆ ಬಿಟ್ಟು ಒಂದೆರಡು ಗೆರೆ ಕೆಳಗಿಳಿದರೆ, ಎತ್ತರವೂ ನಿಂತುಬಿಟ್ಟರೆ, ಮೇಲಿಂದ ಮೇಲೆ ವಾಂತಿಭೇದಿಯಾದರೆ, ವಾರಗಟ್ಟಲೆ ಜ್ವರ ಕೆಮ್ಮು ಬಿಡದಿದ್ದರೆ, ನುಂಗುವಾಗ ಕಟ್ಟಿಕೊಂಡಂತಾದರೆ, ಬಿಳಿಚಿಕೊಂಡರೆ, ಮಣ್ಣು ಸುಣ್ಣ ತಿನ್ನತೊಡಗಿದರೆ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಕ್ಷಯ, ಮೂತ್ರದ ಸೋಂಕು, ಗೋಧಿಯ ಅಂಶ ಒಗ್ಗದಿರುವುದು, ಥೈರಾಯಿಡ್ ಹೀಗೆ ಹುಡುಕಿ ನೋಡಬೇಕಾದ ಕಾರಣಗಳು ಆಗ ಇರಬಹುದು. ಜಂತಿನ ಮಾತ್ರೆಯನ್ನು ಫೆಬ್ರುವರಿ 10 ಮತ್ತು ಆಗಸ್ಟ್ 10ರ ಅಭಿಯಾನಗಳಲ್ಲಿ ಸರ್ಕಾರವೇ ಕೊಡುತ್ತದೆ.

ಉಳಿದವರಿಗೆ ಹೇಳಬೇಕಾದ್ದು ಕಡಿಮೆ. ಹಾಲು ಅರ್ಧ ಲೀಟರಿಗೆ ನಿಲ್ಲಲಿ. ಮೂರು ಊಟ, ನಡುವೆ ಎರಡು ತಿಂಡಿ, ಮಧ್ಯದಲ್ಲಿ ನೀರು ಬಿಟ್ಟು ಬೇರೇನೂ ಬೇಡ. ಬೇಳೆ, ಮೊಟ್ಟೆ, ಸೊಪ್ಪು, ರಾಗಿ, ನುಣ್ಣಗೆ ಅರೆದ ಶೇಂಗಾ, ಒಂದು ಚಮಚ ತುಪ್ಪ; ಮನೆಯಲ್ಲಿ ಎಲ್ಲರೂ ತಿನ್ನುವುದನ್ನೇ ಖಾರ ಕಡಿಮೆ ಮಾಡಿ ತಟ್ಟೆಗೆ ಹಾಕಿ, ಜೊತೆಯಲ್ಲಿ ಕೂತು ತಿನ್ನಿ. ಹೊಸ ಪಲ್ಯವನ್ನು ಮಗು ಹತ್ತು ಹದಿನೈದು ಸಲ ತಳ್ಳಿ ಆಮೇಲೆ ಒಪ್ಪುವುದು ಮಾಮೂಲು. ನಾವು ಮೂರನೇ ಸಲಕ್ಕೇ "ಅವನಿಗೆ ಬೀನ್ಸ್ ಆಗಲ್ಲ" ಎಂದು ವಂಶಾವಳಿಯಲ್ಲಿ ಬರೆದುಬಿಡುತ್ತೇವೆ. ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತಿಬಿಡಿ, ಭಾಷಣವಿಲ್ಲದೆ. ಎಷ್ಟು ತಿನ್ನಬೇಕು ಎಂಬುದು ಮಗುವಿನ ಖಾತೆ. ಅದರಲ್ಲಿ ಅಜ್ಜಿ, ಅಪ್ಪ, ಲಿಫ್ಟಿನವರು ಯಾರೂ ಕೈಹಾಕಬೇಕಾಗಿಲ್ಲ.

ಮನೆಯ ಡಿಜಿಟಲ್ ತಕ್ಕಡಿಯನ್ನು ಅಟ್ಟಕ್ಕೆ ಹಾಕಿ. ನಿಮ್ಮ ಬೀದಿಯ ಅಂಗನವಾಡಿಯಲ್ಲಿ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ ಚಾರ್ಟಿನಲ್ಲಿ ಗುರುತು ಹಾಕುತ್ತಾರೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.